ಟಿಕೆಟ್ ತೆಗೆಸುವ ಮೊದಲು ಮೈಯನ್ನು ಕೇಳಿ

ಮದುವೆಯಾಗಿ ಇಪ್ಪತ್ತೈದೋ ನಲವತ್ತೋ ವರ್ಷ ತುಂಬಿದ ತಂದೆ ತಾಯಿಯನ್ನು ಮಕ್ಕಳು ಪ್ರವಾಸಕ್ಕೆ ಕಳಿಸುವ ರೂಢಿ ಈಗ ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಗೂ ಬಂದಿದೆ. ಹಿಂದೆ ಇಂಥ ದಿನ ಮನೆಯಲ್ಲಿ ಒಂದು ಪೂಜೆ, ನಾಲ್ಕು ಮಂದಿಗೆ ಊಟ. ಯಜಮಾನರಿಗೆ ಅರವತ್ತು ತುಂಬಿದರೆ ಷಷ್ಟ್ಯಬ್ದಿ. ಅಲ್ಲಿಗೆ ಮುಗಿಯಿತು. ಈಗ ಬೆಂಗಳೂರಿನಲ್ಲಿರುವ ಮಗ ಮುಂಬೈಯಿಂದ ಗೋವಾ ಕಡೆಗೆ ಹೊರಡುವ ವಿಹಾರ ಹಡಗಿನ ಟಿಕೆಟ್ ತೆಗೆಸುತ್ತಾನೆ. ಅಲ್ಲಿಂದ ಬಂದ ಮೇಲೆ ಮೊಮ್ಮಕ್ಕಳ ಜೊತೆ ಎರಡು ದಿನ ಮನರಂಜನಾ ಪಾರ್ಕು. ಎಲ್ಲವೂ ಪ್ರೀತಿಯಿಂದಲೇ ಮಾಡಿದ್ದು. ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಒಂದೇ. ಹಣ ಕಟ್ಟುವ ಮೊದಲು ಆ ಇಬ್ಬರ ಮೈಯನ್ನು ಯಾರೂ ಕೇಳಿರುವುದಿಲ್ಲ.

ಕಂಪ್ಲಿಯ ಕಡೆಯ ದಂಪತಿ ಒಮ್ಮೆ ನನ್ನ ಬಳಿ ಬಂದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮದುವೆಯಾಗಿ ನಲವತ್ತು ವರ್ಷ. ಯಜಮಾನರಿಗೆ ಬಹುಕಾಲದ ಸಕ್ಕರೆ ಕಾಯಿಲೆ, ಮಡದಿಗೆ ಮೊಣಕಾಲು ನೋವು ಮತ್ತು ರಕ್ತದೊತ್ತಡ. ಮಕ್ಕಳು ಹಡಗು, ಪಾರ್ಕು ಎರಡಕ್ಕೂ ಹಣ ಕಟ್ಟಿದ್ದರು. "ವಾಂತಿ ಬರದಂಗೆ ಒಂದು ಮಾತ್ರೆ ಬರ್ದುಕೊಡ್ರಿ ಸಾಕು" ಎಂದರು ಯಜಮಾನರು. ನಾನು ಬರೆಯುತ್ತಿರುವಾಗ ಪಕ್ಕದಲ್ಲಿ ಕುಳಿತಿದ್ದ ಆಕೆ ಮೆಲ್ಲಗೆ ಹೇಳಿದರು: "ಡಾಕ್ಟ್ರೆ, ಇವ್ರು ಈಗೀಗ ಮೆಟ್ಲು ಹತ್ತುವಾಗ ನಡುವೆ ನಿಂದ್ರತಾರ್ರೀ. ಕೇಳಿದ್ರೆ ಚಪ್ಪಲಿ ಸರಿ ಮಾಡ್ಕೊಳ್ಳಾಕ ಹತ್ತೀನಿ ಅಂತಾರ."

ನಾನು ಪೆನ್ನು ಕೆಳಗಿಟ್ಟೆ. ಎರಡು ತಿಂಗಳಿಂದ ಅವರಿಗೆ ಮಾಳಿಗೆ ಹತ್ತುವಾಗ ಎದೆ ಬಿಗಿದಂತಾಗುತ್ತಿತ್ತು. ನಿಂತರೆ ಹೋಗುತ್ತಿತ್ತು. ಮಕ್ಕಳ ಸಂತೋಷ ಕೆಡಬಾರದೆಂದು ಅವರು ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆಗೆ ಕಳಿಸಿದಾಗ ಹೃದಯದ ರಕ್ತನಾಳವೊಂದು ಬಹಳಷ್ಟು ಕಟ್ಟಿರುವುದು ಗೊತ್ತಾಯಿತು. ಪ್ರವಾಸ ನಿಂತಿತು, ಸ್ಟೆಂಟ್ ಹಾಕಿಸಿದ್ದಾಯಿತು. ಇದೇ ನೋವು ನಡುಗಡಲಲ್ಲಿ ಬಂದಿದ್ದರೆ ಏನಾಗುತ್ತಿತ್ತೋ ನೀವೇ ಊಹಿಸಿ. ದೊಡ್ಡ ಹಡಗಿನಲ್ಲಿ ವೈದ್ಯರು ಇರುತ್ತಾರೆ, ಔಷಧಿ ಇರುತ್ತದೆ. ಆದರೆ ಕಟ್ಟಿದ ರಕ್ತನಾಳವನ್ನು ತೆರೆಯುವ ವ್ಯವಸ್ಥೆ ಇರುವುದು ದಡದ ಮೇಲಿನ ಆಸ್ಪತ್ರೆಯಲ್ಲಿ.

ಎದೆನೋವಿನ ಮುಖಗಳು

ನಡೆಯುವಾಗ, ಮೆಟ್ಟಿಲು ಹತ್ತುವಾಗ, ಊಟವಾದ ಕೂಡಲೇ ಓಡಾಡಿದಾಗ ಎದೆಯಲ್ಲಿ ಭಾರ ಅಥವಾ ಬಿಗಿತ ಬಂದು, ವಿಶ್ರಾಂತಿ ಪಡೆದರೆ ಕಡಿಮೆಯಾಗುವುದು ಹೃದಯ ಕೊಡುವ ಮುನ್ಸೂಚನೆ. ಅದು ಎಡ ತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಅನೇಕ ಹೆಂಗಸರಿಗೆ ನೋವೇ ಇಲ್ಲದೆ ಬರೀ ಏದುಸಿರು, ಅತಿಯಾದ ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಕಾಣಿಸಬಹುದು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಸುಮ್ಮನಾಗುವುದು ಇಂಥವರೇ. ಸುಮ್ಮನೆ ಕುಳಿತಿರುವಾಗಲೇ ಎದೆ ಹಿಂಡಿದಂತಾಗಿ ಬೆವರು ಬಂದರೆ ಬೆಳಗಿನವರೆಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿ.

ಐವತ್ತು ದಾಟಿದವರು, ಅದರಲ್ಲೂ ಸಕ್ಕರೆ, ರಕ್ತದೊತ್ತಡ ಅಥವಾ ಬೀಡಿ ಸಿಗರೇಟಿನ ಅಭ್ಯಾಸ ಇರುವವರು, ದೂರದ ಪ್ರವಾಸಕ್ಕೆ ಒಂದು ತಿಂಗಳ ಮೊದಲೇ ವೈದ್ಯರನ್ನು ಕಾಣಬೇಕು. ಹೊರಡುವ ಹಿಂದಿನ ದಿನ ಬಂದರೆ ನಾವು ಮಾತ್ರೆ ಬರೆಯಬಹುದೇ ಹೊರತು ಬೇರೇನೂ ಮಾಡಲಾಗದು.

ಹಡಗು ಮತ್ತು ಪಾರ್ಕು

ಮೈ ಸರಿಯಿದ್ದವರು ಹಡಗಿನಲ್ಲಿ ಧಾರಾಳವಾಗಿ ಹೋಗಬಹುದು. ಆದರೆ ಎರಡು ವಿಷಯ ತಿಳಿದಿರಲಿ. ಹಡಗೆಂದರೆ ಸಾವಿರಾರು ಜನ ಒಂದೇ ಅಡುಗೆ ಮನೆಯ ಊಟ ಮಾಡಿ, ಒಂದೇ ಕಂಬಿ ಹಿಡಿದು ಓಡಾಡುವ ಜಾಗ. ವಾಂತಿಭೇದಿ ತರುವ ನೊರೋವೈರಸ್ ಇಂಥಲ್ಲಿ ಬೇಗ ಹರಡುತ್ತದೆ. ಅದಕ್ಕೆ ಕೈಗೆ ಹಚ್ಚುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ನೀರಿನಲ್ಲಿ ಕೈ ತೊಳೆಯುವುದೇ ಸರಿ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗಲಿದ್ದನ್ನು ಮರೆಯುವಂತಿಲ್ಲ.

ಎರಡನೆಯದು, ವಾಂತಿ ತಡೆಯುವ ಮಾತ್ರೆ. ಅವೋಮಿನ್‌ನಂಥ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅದು ಮಂಪರು ತರುತ್ತದೆ. ವಯಸ್ಸಾದವರು ರಾತ್ರಿ ಎದ್ದು ಹೋಗುವಾಗ ತೂಗಾಡುವ ನೆಲದ ಮೇಲೆ ಬೀಳಬಹುದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರಿಗೆ ಮೂತ್ರ ಕಟ್ಟಬಹುದು. ಕಣ್ಣಿನ ಒತ್ತಡದ ಕಾಯಿಲೆ ಇರುವವರೂ ವೈದ್ಯರನ್ನು ಕೇಳದೆ ನುಂಗಬಾರದು. ಹಡಗಿನ ನಡುಭಾಗದ ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ತಲೆ ಸುತ್ತಿದರೆ ದೂರದ ದಿಗಂತವನ್ನು ನೋಡುತ್ತಾ ಕುಳಿತುಕೊಳ್ಳಿ.

ಇನ್ನು ಪಾರ್ಕುಗಳ ವಿಚಾರ. ಗಿರಗಿರನೆ ತಿರುಗಿಸಿ ಮೇಲಿಂದ ಕೆಳಕ್ಕೆ ಬಿಡುವ ಆಟಗಳ ಮುಂದೆ ಹೃದ್ರೋಗಿಗಳು, ರಕ್ತದೊತ್ತಡ ಇರುವವರು, ಗರ್ಭಿಣಿಯರು, ಕುತ್ತಿಗೆ ಬೆನ್ನುನೋವಿನವರು ಹತ್ತಬಾರದೆಂದು ಫಲಕ ಹಾಕಿರುತ್ತಾರೆ. ಅದು ಅಲಂಕಾರಕ್ಕಲ್ಲ. "ಅಜ್ಜಾ ಹೆದರ್ಯಾನ" ಎಂದು ಮೊಮ್ಮಗ ನಕ್ಕರೆ ನಗಲಿ ಬಿಡಿ. ಅಜ್ಜ ಕೆಳಗೆ ನಿಂತು ಕೈ ಬೀಸಿದರೂ ಮಗುವಿಗೆ ಅಷ್ಟೇ ಸಂತೋಷ. ಇನ್ನೊಂದು ತೊಂದರೆಯನ್ನು ಯಾವ ಫಲಕವೂ ಹೇಳುವುದಿಲ್ಲ. ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಊಟದ ಹೊತ್ತು ಮೀರಿದರೆ, ಇನ್ಸುಲಿನ್ ತೆಗೆದುಕೊಂಡವರ ಸಕ್ಕರೆ ಅಂಶ ಸರ್ರನೆ ಇಳಿಯುತ್ತದೆ. ಕೈ ನಡುಕ, ಬೆವರು, ತೊದಲು ಮಾತು ಕಂಡರೆ ಪ್ರಶ್ನೆ ಕೇಳುತ್ತಾ ನಿಲ್ಲದೆ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಆಕೆ ಹೇಳದ ಮಾತು

ಕಂಪ್ಲಿಯ ಆ ತಾಯಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಗಂಡನ ಗುಟ್ಟನ್ನು ಹೊರಹಾಕಿದ ಆಕೆಯನ್ನು "ನಿಮ್ಮದೇನಮ್ಮಾ ಗುಟ್ಟು?" ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡಿದರು. "ಊರಿಗೆ ಹೊಂಟ ದಿನ ನಾ ನೀರು ಕುಡಿಯಂಗಿಲ್ರೀ" ಎಂದರು. ದಾರಿಯಲ್ಲಿ ಹೆಂಗಸರಿಗೆ ಹೋಗುವ ಜಾಗವಿಲ್ಲ, ಗಾಡಿ ನಿಲ್ಲಿಸಿ ಎನ್ನಲು ನಾಚಿಕೆ. ಪ್ರತಿ ಪ್ರವಾಸ ಮುಗಿದ ಮೇಲೂ ಅವರಿಗೆ ಉರಿಮೂತ್ರ, ಜ್ವರ. ನಲವತ್ತು ವರ್ಷದಲ್ಲಿ ಇದು ಗಂಡನಿಗೆ ಗೊತ್ತೇ ಇರಲಿಲ್ಲ.

ಓದುಗ ಮಹನೀಯರೇ, ಇದು ಒಬ್ಬಾಕೆಯ ಕಥೆಯಲ್ಲ. ನಿಮ್ಮ ಮನೆಯಲ್ಲಿ ಇಂದು ಸಂಜೆಯೇ ಕೇಳಿ ನೋಡಿ. ನೀರು ಬಿಟ್ಟರೆ, ಮೂತ್ರ ಕಟ್ಟಿಕೊಂಡರೆ ಮೂತ್ರನಾಳದ ಸೋಂಕು ಬರುತ್ತದೆ. ಬಿಸಿಲೂ ಸೇರಿದರೆ ತಲೆಸುತ್ತು ಬರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗಂತೂ ಇನ್ನೂ ಅಪಾಯ. ಎರಡು ಗಂಟೆಗೊಮ್ಮೆ ಶೌಚಾಲಯ ಇರುವ ಕಡೆ ವಾಹನ ನಿಲ್ಲಿಸುವುದು ಗಂಡಸರ ಜವಾಬ್ದಾರಿ. ಆಕೆ ಬಾಯಿ ಬಿಟ್ಟು ಕೇಳುವವರೆಗೆ ಕಾಯಬಾರದು. ಹಾಗೆ ಇಳಿದು ನಾಲ್ಕು ಹೆಜ್ಜೆ ನಡೆದರೆ, ಬಹಳ ಹೊತ್ತು ಕುಳಿತು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ತಪ್ಪುತ್ತದೆ.

ಇನ್ನೊಂದು ಮಾತು. ಪ್ರವಾಸದ ಚೀಲದಲ್ಲಿ ಗಂಡನ ಮಾತ್ರೆಗಳನ್ನೆಲ್ಲ ಲೆಕ್ಕ ಮಾಡಿ ಇಡುವ ಹೆಂಡತಿ ತನ್ನದನ್ನು ಮನೆಯಲ್ಲೇ ಮರೆತಿರುತ್ತಾಳೆ. ಆಕೆಯ ಮಾತ್ರೆಯನ್ನು ನೀವು ಕಟ್ಟಿಕೊಳ್ಳಿ. ವಾರ್ಷಿಕೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಹೊಳೆಯುತ್ತಿಲ್ಲ.

ನಮ್ಮ ಹೊಳೆ, ನಮ್ಮ ಹರಿಗೋಲು

ಸ್ಟೆಂಟ್ ಹಾಕಿಸಿದ ಕೆಲವು ತಿಂಗಳ ಮೇಲೆ, ಹೃದಯ ತಜ್ಞರು ಒಪ್ಪಿದ ನಂತರ, ಆ ದಂಪತಿ ಪ್ರವಾಸ ಹೋದರು. ಎಲ್ಲಿಗೆಂದರೆ ಹಂಪಿಗೆ! ಹುಟ್ಟಿದಾಗಿನಿಂದ ಪಕ್ಕದಲ್ಲೇ ಇದ್ದು ಜಾತ್ರೆಯ ನೂಕುನುಗ್ಗಲಲ್ಲಿ ಬಿಟ್ಟು ಅವರು ಹಂಪಿಯನ್ನು ನೋಡಿರಲಿಲ್ಲ. ಹಾಗೆ ನೋಡಿದರೆ ಮದುವೆಯ ದಿನಕ್ಕೆ ಹಂಪಿಗಿಂತ ತಕ್ಕ ಜಾಗ ಯಾವುದು? ಅಲ್ಲಿ ಪಂಪಾಂಬಿಕೆಗೂ ವಿರೂಪಾಕ್ಷನಿಗೂ ಪ್ರತಿ ವರ್ಷ ಫಲಪೂಜೆಯಲ್ಲಿ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ ನಡೆಯುತ್ತದೆ.

ಹಡಗಿನ ಆಸೆಯನ್ನು ಅವರು ಹರಿಗೋಲಿನಲ್ಲಿ ತೀರಿಸಿಕೊಂಡರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿದ್ದಾನೆ. ಇಷ್ಟು ಹಳೆಯ ವಿಹಾರ ನಮ್ಮಲ್ಲೇ ಇದೆ. ಆದರೆ ಹೊಳೆಯನ್ನು ಹಗುರವಾಗಿ ಕಾಣಬೇಡಿ. ಜೀವರಕ್ಷಕ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ಕೊಟ್ಟರೆ ಕೈಯಲ್ಲಿ ಹಿಡಿಯದೆ ಗುಂಡಿ ಹಾಕಿ ತೊಡಿ. ಹೆಚ್ಚು ಜನ ತುಂಬಿದರೆ ಇಳಿದುಬಿಡಿ. ಜಲಾಶಯದಿಂದ ನೀರು ಬಿಟ್ಟು ಹೊಳೆ ಕೆಂಪಾಗಿ ಹರಿಯುವಾಗ ದಡದಲ್ಲೇ ನಿಂತು ಕೈ ಮುಗಿಯಿರಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ರಾತ್ರೋರಾತ್ರಿ ಕೊಚ್ಚಿಹೋಗಿ ನೀರು ನುಗ್ಗಿದ್ದು ನಮ್ಮ ಕಣ್ಣೆದುರಿಗೇ ಇದೆ. ನೀರು ಹೆಚ್ಚುವುದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಹೊಳೆಯಲ್ಲಿ ಮೊಸಳೆಗಳೂ ಇವೆ, ಹಾಗಾಗಿ ಕಾಲು ಇಳಿಬಿಟ್ಟು ಕೂರಬೇಡಿ.

ಬಿಸಿಲಿನದು ಇನ್ನೊಂದು ಪಾಠ. ಹಂಪಿಯ ಬಂಡೆಗಳು ಹಗಲೆಲ್ಲ ಕಾದು ಸಂಜೆಯ ತನಕ ಬಿಸಿ ಉಗುಳುತ್ತವೆ. ಬೇಸಿಗೆಯಲ್ಲಿ ವಯಸ್ಸಾದವರು ಹತ್ತು ಗಂಟೆಯೊಳಗೆ ನೋಡಿ ಮುಗಿಸಿ, ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ನಾಲ್ಕರ ಮೇಲೆ ಮತ್ತೆ ಹೊರಡಬೇಕು. ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಎಲ್ಲಕ್ಕಿಂತ ಒಳ್ಳೆಯದು. ಬಿಸಿಲಿಗೆ ಬಳಲಿದವರಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಿ. ಚಮಚಗಳು ಸಮತಟ್ಟಾಗಿರಲಿ. ಸಕ್ಕರೆ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಎಷ್ಟು ಕುಡಿಯಬಹುದೆಂದು ವೈದ್ಯರಿಂದ ಮೊದಲೇ ತಿಳಿದಿರಬೇಕು. ಮೈ ಕಾದು, ಮಾತು ತಡವರಿಸಿದರೆ ಅದು ಉಷ್ಣಾಘಾತ. ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ. ಇನ್ಸುಲಿನ್ ಬಾಟಲಿಯನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಅದು ಕೆಟ್ಟುಹೋಗುತ್ತದೆ, ತಂಪಾದ ಚೀಲದಲ್ಲಿ ಜೊತೆಗೇ ಒಯ್ಯಿರಿ.

ಎಲ್ಲ ಬೆಟ್ಟವನ್ನೂ ಹತ್ತಲೇಬೇಕೆಂಬ ಹಟವೂ ಬೇಡ. ಅಂಜನಾದ್ರಿಗೆ ಸುಮಾರು 575 ಮೆಟ್ಟಿಲು. ಮೊಣಕಾಲು ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಕೆಳಗಿನಿಂದ ಕೈ ಮುಗಿದರೂ ಹನುಮಂತ ಬೇಸರಿಸುವುದಿಲ್ಲ. ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ವಾಹನವಿದೆ, ಹತ್ತಲು ಸಂಕೋಚ ಬೇಡ. ಕುಳಿತು ನೋಡುವ ಸಂತೋಷಗಳೂ ನಮ್ಮಲ್ಲಿ ಎಷ್ಟೋ ಇವೆ. 1994ರಲ್ಲಿ ಸ್ಥಾಪನೆಯಾದ ದರೋಜಿ ಧಾಮದಲ್ಲಿ ಸಂಜೆ ಗುಡ್ಡದಿಂದ ಇಳಿದು ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ನೋಡಬಹುದು. ಮಳೆ ಬಿದ್ದ ಮೇಲಿನ ಸಂಡೂರಿನ ಹಸಿರನ್ನು ವಾಹನದ ಕಿಟಕಿಯಿಂದ ನೋಡಿದರೂ ಕಣ್ಣು ತಣಿಯುತ್ತದೆ. ದಿನಕ್ಕೆ ಎರಡೇ ಜಾಗ ಸಾಕು. ಎರಡು ದಿನದಲ್ಲಿ ಹದಿನೆಂಟು ಜಾಗ ತೋರಿಸುವ ಪ್ರವಾಸ ವಿಶ್ರಾಂತಿಯಲ್ಲ, ಅದೂ ಒಂದು ದುಡಿಮೆಯೇ.

ಮಕ್ಕಳಿಗೆ ನನ್ನ ಸಲಹೆ ಇಷ್ಟೇ. ಮುಂದಿನ ಸಲ ಅಪ್ಪ ಅಮ್ಮನಿಗೆ ಟಿಕೆಟ್ ಕೊಡುವ ಮೊದಲು ಒಂದು ಸಂಜೆ ಅವರ ಜೊತೆ ಊರೊಳಗೆ ಅರ್ಧ ಗಂಟೆ ನಡೆಯಿರಿ. ಅಪ್ಪ ಎಲ್ಲಿ ನಿಲ್ಲುತ್ತಾರೆ, ಅಮ್ಮ ಎಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತಾರೆ ನೋಡಿ. ಎಲ್ಲಿಗೆ ಕಳಿಸಬೇಕು, ಯಾವ ವೈದ್ಯರ ಬಳಿ ಮೊದಲು ಕರೆದೊಯ್ಯಬೇಕು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಹಂಪಿಯಿಂದ ಬಂದ ಮೇಲೆ ಆ ತಾಯಿ ಬಾಳೆಹಣ್ಣು ಹಿಡಿದು ನನ್ನಲ್ಲಿಗೆ ಬಂದಿದ್ದರು. ಹೇಗಿತ್ತು ಪ್ರವಾಸ ಎಂದು ಕೇಳಿದೆ. "ಈ ಸಲ ಇವ್ರೇ ನಾಲ್ಕು ಕಡೆ ಗಾಡಿ ನಿಲ್ಸಿದ್ರು ಡಾಕ್ಟ್ರೆ, ನಾ ಹೊಟ್ಟೆ ತುಂಬ ನೀರು ಕುಡಿದೆ" ಎಂದರು.