ಎರಡನೆಯ ಪ್ರತಿ ಅವರಿಗಿರಲಿ
ಅಮೆರಿಕದ ಬೇಸ್‌ಬಾಲ್ ಕಾರ್ಡ್ ಎಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಅಂಶ. ಆಟಗಾರ ಹೋನಸ್ ವ್ಯಾಗ್ನರ್‌ನ ಹಳೆಯ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ನನ್ನ ಮನಸ್ಸು ಮಾತ್ರ ಕಾರ್ಡೇ ಇಲ್ಲದವರ ಕಡೆಗೆ ವಾಲುತ್ತದೆ. ದೊಡ್ಡ ಲೀಗಿನಲ್ಲಿ ನಾಲ್ಕಾರು ಪಂದ್ಯ ಆಡಿ ಮರೆಯಾದವರನ್ನು ಅಲ್ಲಿ ಒಂದು ಕಪ್ ಕಾಫಿಯಷ್ಟು ಹೊತ್ತು ಇದ್ದು ಹೋದವರು ಎನ್ನುತ್ತಾರೆ. ಕಂಪನಿಗಳು ಅಂಥವರ ಕಾರ್ಡ್ ಅಚ್ಚು ಹಾಕದಿದ್ದರೆ ಅಭಿಮಾನಿಗಳೇ ಹಾಕುತ್ತಾರೆ. ಹಳೆಯ ಫೋಟೊ ಹುಡುಕಿ, ಆ ಕಾಲದ ಟಾಪ್ಸ್ ಕಂಪನಿಯ ಕಾರ್ಡಿನ ವಿನ್ಯಾಸಕ್ಕೆ ಕೂರಿಸಿ, ಎರಡು ಪ್ರತಿ ಮಾಡಿ, ಕೈಬರಹದ ಕಾಗದದ ಜತೆ ತಮ್ಮ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಇಟ್ಟು ಆ ಆಟಗಾರರಿಗೆ ಕಳಿಸುತ್ತಾರೆ. ಒಂದು ಸಹಿಯಾಗಿ ಮರಳಲಿ, ಇನ್ನೊಂದು ಅವರ ಮನೆಯಲ್ಲೇ ಉಳಿಯಲಿ ಎಂದು. ನುಣುಪಾದ ಕಾರ್ಡಿನ ಮೇಲೆ ಶಾಯಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಮಕ್ಕಳ ಪೌಡರನ್ನು ತೆಳುವಾಗಿ ಸವರಿ, ಒರೆಸಿ ಕಳಿಸುವವರಿದ್ದಾರೆ. ಅಷ್ಟು ಅಕ್ಕರೆ! ಮಾರ್ಟಿನ್ ಅಬ್ರಮೊವಿಟ್ಜ್ ಎಂಬ ಸಂಗ್ರಾಹಕರು 2003ರಲ್ಲಿ ಅಮೆರಿಕದ ಯಹೂದಿ ಆಟಗಾರರ ಕಾರ್ಡ್ ಸರಣಿ ಹೊರತಂದಾಗ, ಅದುವರೆಗೆ ಕಾರ್ಡೇ ಇಲ್ಲದಿದ್ದ ಹಲವರಿಗೆ ಮೊದಲ ಕಾರ್ಡ್ ಸಿಕ್ಕಿತು. ತಾರೆಯ ಸಹಿಯನ್ನು ಹಣ ಕೊಟ್ಟು ಕೊಳ್ಳಬಹುದು. ಮರೆತುಹೋದವನ ಸಹಿ ಹಾಗಲ್ಲ, ಅದನ್ನು ಕೇಳುವುದೇ ಅವನಿಗೆ ಸಲ್ಲುವ ಗೌರವ. ಇಂಥವರಲ್ಲಿ ಅನೇಕರಿಗೆ ಈಗ ಎಂಬತ್ತು ದಾಟಿದೆ. ಬರೆಯಬೇಕೆಂದಿರುವವರು ಇವತ್ತೇ ಬರೆಯಿರಿ, ಎರಡನೆಯ ಪ್ರತಿ ಇಡುವುದನ್ನು ಮರೆಯಬೇಡಿ.