ಬುಡವಿಲ್ಲದ ನೋಟ

ಬೆಟ್ಟದ ಮೇಲೊಂದು ಕೋಟೆ, ಕೋಟೆಯೊಳಗೊಂದು ತೋಟ, ತೋಟದ ಹೂವಿನ ಮೇಲೊಂದು ಹನಿ, ಹನಿಯೊಳಗೆ ಮತ್ತೊಂದು ಬೆಟ್ಟ. ಹೀಗೆ ನೋಟವು ಎಲ್ಲಿಯೂ ನಿಲ್ಲದೆ ಒಳಗೊಳಗೆ ಸಾಗುವ ವೀಡಿಯೋಗಳು ಈಚೆಗೆ ಮನೆಮನೆಯ ಮೊಬೈಲುಗಳಲ್ಲಿ ತುಂಬಿರುವುದನ್ನು ವಾಚಕರು ಬಲ್ಲರು. ‘ಅನಂತ ಜೂಮ್’ ಎಂದು ಇವುಗಳಿಗೆ ಹೆಸರು. ಕೃತಕ ಬುದ್ಧಿಯ ಚಿತ್ರಯಂತ್ರಗಳು ಇವುಗಳ ತಾಯಿ. ಇವು ಮನೋಹರವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು, ‘ಬ್ರಹ್ಮಾಂಡದಿಂದ ಅಣುವಿನವರೆಗೆ’ ಎಂಬಂಥ ತಲೆಬರೆಹವನ್ನಂಟಿಸಿ ಇವುಗಳನ್ನು ವಿಜ್ಞಾನದ ಪಾಠವೆಂದು ಮಕ್ಕಳ ಮುಂದಿಡುವ ವಿಷಯದಲ್ಲಿ. ಅದು ವಿದ್ಯೆಗೆ ಮಾಡುವ ಅಪಚಾರವೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೊದಲು ಇವುಗಳ ಹುಟ್ಟನ್ನು ವಿಚಾರಿಸೋಣ. 2022ರಲ್ಲಿ ಡಾಲ್-ಇ ಎಂಬ ಯಂತ್ರಕ್ಕೆ ಚಿತ್ರದ ಅಂಚಿನಾಚೆಯ ಭಾಗವನ್ನು ತಾನೇ ಬರೆದು ತುಂಬುವ ಶಕ್ತಿ ಬಂದಿತು. 2023ರಲ್ಲಿ ಮಿಡ್‌ಜರ್ನಿಯು ‘ಜೂಮ್ ಔಟ್’ ಎಂಬ ಸೌಕರ್ಯದಿಂದ ಅದೇ ಕೆಲಸವನ್ನು ಇನ್ನೂ ಸುಲಭಗೊಳಿಸಿತು. ಇದ್ದ ಚಿತ್ರದ ಉದ್ದಗಲಗಳನ್ನು ಅರ್ಧಕ್ಕೆ ಕುಗ್ಗಿಸಿ ನಡುವೆ ಇಟ್ಟರೆ ಅದು ಹಾಳೆಯ ಕಾಲುಭಾಗವನ್ನು ಮಾತ್ರ ಆಕ್ರಮಿಸುವುದು; ಉಳಿದ ಮುಕ್ಕಾಲನ್ನು ಯಂತ್ರವು ತುಂಬುವುದು. ಹೊಸ ಚಿತ್ರವನ್ನು ಮತ್ತೆ ಕುಗ್ಗಿಸಿ ಮತ್ತೆ ತುಂಬಿಸುವುದು. ಇಪ್ಪತ್ತು ಸಲ ಹೀಗೆ ಮಾಡಿದರೆ ನೋಟವು ಹತ್ತು ಲಕ್ಷ ಮಡಿಗಿಂತಲೂ ಹೆಚ್ಚಾಗಿ ಹಿಗ್ಗಿದಂತೆ ತೋರುವುದು. ಬಳಿಕ ಈ ಚಿತ್ರಗಳನ್ನು ಒಂದರೊಳಗೊಂದು ಹೊಂದಿಸಿ ಕೊನೆಯಿಂದ ಮೊದಲಿಗೆ ಓಡಿಸಿದರೆ, ನೋಡುವವನು ತಾನು ಒಳಹೊಕ್ಕೆನೆಂದು ಭ್ರಮಿಸುವನು.

ಅಂದಮೇಲೆ ಒಳಗಿನದು ಮೊದಲು ಹುಟ್ಟಿತು, ಹೊರಗಿನದು ಆಮೇಲೆ ಹುಟ್ಟಿತು. ಕೋಟೆಯನ್ನು ಹೊಕ್ಕು ತೋಟವನ್ನು ಕಂಡವರಾರೂ ಇಲ್ಲ. ತೋಟದ ಸುತ್ತ ಕೋಟೆಯನ್ನು ಕಟ್ಟಿ, ಆಮೇಲೆ ಬಾಗಿಲು ತೆರೆದಂತೆ ನಟಿಸಿದುದಷ್ಟೆ. ಹೊರಗೆ ಏನಿರಬೇಕೆಂಬುದನ್ನು ನಿರ್ಣಯಿಸಿದುದು ಅಳತೆಯಲ್ಲ, ವೀಕ್ಷಣೆಯಲ್ಲ; ಯಂತ್ರವು ಹಿಂದೆ ಕಲಿತ ಅಸಂಖ್ಯ ಚಿತ್ರಗಳ ಹೋಲಿಕೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಆಧಾರವೆಂದು ಎಲ್ಲಿಯೂ ನೆಲೆನಿಲ್ಲದೆ ಹೋಗುವುದನ್ನು ತಾರ್ಕಿಕರು ಅನವಸ್ಥಾದೋಷವೆಂದು ಕರೆದರು. ಇಲ್ಲಿ ಆ ದೋಷವೇ ಆಭರಣವಾಗಿದೆ.

ಇದೇ ನಡಿಗೆಯ ಒಂದು ಸತ್ಯವಾದ ಚಿತ್ರವುಂಟು. ಕೇಸ್ ಬೂಕೆ ಎಂಬ ಡಚ್ ಉಪಾಧ್ಯಾಯರು 1957ರಲ್ಲಿ ಪ್ರಕಟಿಸಿದ ‘ಕಾಸ್ಮಿಕ್ ವ್ಯೂ’ ಎಂಬ ಪುಸ್ತಕವು ಶಾಲೆಯ ಮುಂದೆ ಕುಳಿತ ಒಬ್ಬ ಹುಡುಗಿಯಿಂದ ಹೊರಟು, ಹತ್ತು ಹತ್ತು ಮಡಿಯ ನಲವತ್ತು ಜಿಗಿತಗಳಲ್ಲಿ ವಿಶ್ವವನ್ನು ತೋರಿಸಿತು. ಅದನ್ನನುಸರಿಸಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1977ರಲ್ಲಿ ‘ಪವರ್ಸ್ ಆಫ್ ಟೆನ್’ ಎಂಬ ಕಿರುಚಿತ್ರವನ್ನು ಮುಗಿಸಿದರು. ಷಿಕಾಗೋ ನಗರದ ಸರೋವರತೀರದಲ್ಲಿ ವಿಶ್ರಮಿಸುತ್ತಿರುವ ಇಬ್ಬರಿಂದ ಅದು ಆರಂಭವಾಗುವುದು. ಹತ್ತು ಸೆಕೆಂಡಿಗೊಮ್ಮೆ ದೂರವು ಹತ್ತು ಮಡಿಯಾಗಿ, ನೋಟವು ಹತ್ತು ಕೋಟಿ ಜ್ಯೋತಿರ್ವರ್ಷಗಳ ವಿಸ್ತಾರವನ್ನು ಮುಟ್ಟಿ ಹಿಂದಿರುಗುವುದು. ಅನಂತರ ಮಲಗಿದವನ ಕೈಯನ್ನು ಹೊಕ್ಕು ಜೀವಕೋಶ, ಡಿ.ಎನ್.ಎ., ಇಂಗಾಲದ ಪರಮಾಣು ಇವುಗಳನ್ನು ದಾಟಿ ಪ್ರೋಟಾನಿನವರೆಗೆ ಇಳಿಯುವುದು. ಅಲ್ಲಿಗೆ ಬಂದಾಗ ನಿರೂಪಕರು, ಇಂದಿನ ತಿಳಿವಳಿಕೆಯ ಅಂಚು ಇದು ಎಂದು ಒಪ್ಪಿಕೊಳ್ಳುವರು.

“ಅದರಲ್ಲಿಯೂ ಎಷ್ಟೋ ಭಾಗ ಕುಂಚದಿಂದ ಬರೆದುದೇ ಅಲ್ಲವೆ? ಕುಂಚಕ್ಕೊಂದು ನ್ಯಾಯ, ಯಂತ್ರಕ್ಕೊಂದು ನ್ಯಾಯವೆ?” ಎಂದು ಪೂರ್ವಪಕ್ಷದವರು ಕೇಳಬಹುದು. ಪ್ರಶ್ನೆಯು ಯುಕ್ತವೇ. ಆದರೆ ಆ ಕುಂಚವು ಅಳತೆಗೆ ಅಧೀನವಾಗಿತ್ತು. ಅಲ್ಲಿ ತಪ್ಪಿದ್ದರೆ ಇಂಥ ಚೌಕದಲ್ಲಿ ಇಂಥ ತಪ್ಪೆಂದು ತೋರಿಸಬಹುದು, ತಿದ್ದಬಹುದು. ಯಂತ್ರವು ಊಹಿಸಿ ಹೆಣೆದ ಸರಣಿಯಲ್ಲಿ ಎಲೆಯ ಕೋಶದೊಳಗೆ ನಗರವೇ ಬಂದರೂ ಅದು ಆ ಸರಣಿಯ ನಿಯಮಕ್ಕೆ ವಿರೋಧವಲ್ಲ. ತಪ್ಪಾಗಲು ಎಡೆಯೇ ಇಲ್ಲದುದರಿಂದ ಕಲಿಯಲೂ ಎಡೆಯಿಲ್ಲ.

“ಇದೊಂದು ವಿನೋದ, ಇಷ್ಟು ಕೋಪವೇತಕ್ಕೆ?” ಎಂಬುದು ಎರಡನೆಯ ಆಕ್ಷೇಪ. ವಿನೋದದ ಮೇಲೆ ಕೋಪವಿಲ್ಲ. 2004ರಲ್ಲಿಯೇ ಹಲವು ಕಲಾವಿದರು ಕೂಡಿ ‘ಝೂಮ್‌ಕ್ವಿಲ್ಟ್’ ಎಂಬ ಕೊನೆಯಿಲ್ಲದ ಚಿತ್ರವನ್ನು ರಚಿಸಿದರು. ಅದು ಕನಸೆಂದೇ ಹೇಳಿಕೊಂಡಿತು, ಯಾರನ್ನೂ ವಂಚಿಸಲಿಲ್ಲ. ಯಂತ್ರದಿಂದ ಮಾಡುವವರಿಗೂ ಆಯ್ಕೆಯ ಜಾಣ್ಮೆ, ಹೊಲಿಗೆ ಕಾಣದಂತೆ ಜೋಡಿಸುವ ಚಾತುರ್ಯ ಬೇಕೆಂಬುದೂ ನಿಜ. ಆದರೆ ಹೊಲಿಗೆಯನ್ನು ಮರೆಸುವ ಚಾತುರ್ಯವು ಕಥೆಗೆ ಗುಣ, ಪಾಠಕ್ಕೆ ದೋಷ. ಹತ್ತಿರ ಹೋದರೆ ಕಾಣುವುದು ಅಲ್ಲಿ ನಿಜವಾಗಿಯೂ ಇರತಕ್ಕದ್ದು ಎಂಬ ನಂಬಿಕೆಯನ್ನು ದೂರದರ್ಶಕವೂ ಸೂಕ್ಷ್ಮದರ್ಶಕವೂ ನಾಲ್ಕು ಶತಮಾನಗಳಲ್ಲಿ ಸಂಪಾದಿಸಿವೆ. ಆ ನಂಬಿಕೆಯನ್ನು ಸಾಲವಾಗಿ ತಂದು ತೀರಿಸದಿರುವುದೇ ಇಲ್ಲಿಯ ಅಪರಾಧ.

ಛಾಂದೋಗ್ಯೋಪನಿಷತ್ತಿನ ಉದ್ದಾಲಕನೂ ಮಗನಿಗೆ ಒಂದು ಒಳನೋಟವನ್ನು ಕಲಿಸಿದನು. ಆಲದ ಹಣ್ಣನ್ನು ತರಿಸಿ ಒಡೆಯಿಸಿದನು. ಸಣ್ಣ ಬೀಜಗಳು ಕಂಡುವು. ಬೀಜವೊಂದನ್ನು ಒಡೆಯಿಸಿ, ಏನು ಕಾಣುವುದೆಂದು ಕೇಳಿದನು. ಏನೂ ಕಾಣುವುದಿಲ್ಲವೆಂದು ಶ್ವೇತಕೇತುವು ಉತ್ತರಿಸಿದನು. ತಂದೆಯ ಉಪದೇಶವೆಲ್ಲ ಆ ಪ್ರಾಮಾಣಿಕವಾದ ಉತ್ತರದ ಮೇಲೆಯೇ ನಿಂತಿತು. ಈ ಚಿತ್ರಯಂತ್ರಕ್ಕೆ ಅದೇ ಕೆಲಸವನ್ನು ಒಪ್ಪಿಸಿದ್ದರೆ ಬೀಜದೊಳಗೆ ಒಂದು ಅರಮನೆಯನ್ನೇ ತೋರಿಸುತ್ತಿದ್ದಿತು. ಖಾಲಿ ಎಡೆಯನ್ನು ತುಂಬುವುದೇ ಅದರ ಧರ್ಮ. ‘ಕಾಣುವುದಿಲ್ಲ’ ಎಂಬ ಮಾತು ಅದಕ್ಕೆ ಬಾರದು. ಆ ಮಾತನ್ನು ಮರೆತ ವಿದ್ಯಾರ್ಥಿಗೆ ಪ್ರಶ್ನೆಯೂ ಹುಟ್ಟದು.

ಆದುದರಿಂದ ಮಾಡತಕ್ಕದ್ದು ಇಷ್ಟು. ಇಂಥ ವೀಡಿಯೋವನ್ನು ಮಕ್ಕಳಿಗೆ ತೋರಿಸುವವರು, ಇದು ಯಂತ್ರದ ಕಲ್ಪನೆಯೆಂದು ಮೊದಲೇ ಹೇಳಲಿ. ಪಾಠದ ಗಂಟೆಯಲ್ಲಿ ಅಳತೆಯುಳ್ಳ ಚಿತ್ರಗಳನ್ನೇ ಬಳಸಲಿ. ಅದಕ್ಕಿಂತಲೂ ಮೇಲಾದುದೊಂದುಂಟು: ಮಗುವಿನ ಕೈಗೆ ಏಳು ಹಾಳೆಗಳನ್ನು ಕೊಡಲಿ. ಮೊದಲನೆಯದರಲ್ಲಿ ಒಂದು ಮೀಟರಿನ ಮೇಜು, ಎರಡನೆಯದರಲ್ಲಿ ಹತ್ತು ಮೀಟರಿನ ಕೊಠಡಿ, ಮೂರನೆಯದರಲ್ಲಿ ನೂರು ಮೀಟರಿನ ಶಾಲೆಯ ಬಯಲು. ಹೀಗೆ ಏಳನೆಯದರಲ್ಲಿ ಸಾವಿರ ಕಿಲೋಮೀಟರಿನ ನಾಡು. ಅಳೆದು ತಿಳಿದುದನ್ನೂ ನಕ್ಷೆಯಲ್ಲಿ ನೋಡಿ ತಿಳಿದುದನ್ನೂ ಮಗು ಬರೆಯಲಿ. ತಿಳಿಯದ ಎಡೆಯನ್ನು ಖಾಲಿ ಬಿಡಲಿ. ಮರುದಿನ ಉಪಾಧ್ಯಾಯರು ಪಾಠವನ್ನು ಆ ಖಾಲಿ ಎಡೆಯಿಂದಲೇ ಆರಂಭಿಸಲಿ.