ಸೈಕಲ್ ಪಥ: ತುಳಿಯುವವರನ್ನೂ ಒಮ್ಮೆ ಕೇಳಲಿ

ಪುಣೆಯನ್ನು ಒಂದು ಕಾಲದಲ್ಲಿ ಸೈಕಲ್‌ಗಳ ಊರು ಎಂದೇ ಕರೆಯುತ್ತಿದ್ದರು. ಹಗಲು ಬ್ಯಾಂಕಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದ ನನ್ನಂಥವರಿಗೆ ಆಗ ಸೈಕಲೇ ಗತಿ. ರಾತ್ರಿ ತರಗತಿ ಬಿಟ್ಟ ಮೇಲೆ ಡೈನಮೋ ದೀಪದ ಬೆಳಕಿನಲ್ಲಿ ಕೋಣೆ ಸೇರುತ್ತಿದ್ದೆವು. ಈಗ ಅದೇ ರಸ್ತೆಗಳಲ್ಲಿ ಸ್ಕೂಟರ್, ಮೋಟಾರ್ ಬೈಕುಗಳದ್ದೇ ದರ್ಬಾರು. ಹಾಗೆಂದು ಸೈಕಲ್ ಮಾಯವಾಗಿಲ್ಲ. ನಸುಕಿನಲ್ಲಿ ಎದ್ದು ನೋಡಿದರೆ ಪೇಪರ್ ಹಾಕುವ ಹುಡುಗ, ಹಾಲಿನವರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್, ಕಟ್ಟಡ ಕೆಲಸಕ್ಕೆ ಹೊರಟ ನಮ್ಮ ವಿಜಯಪುರ, ಕಲಬುರಗಿ ಕಡೆಯ ಬಂಧುಗಳು ಸೈಕಲ್ ಮೇಲೆಯೇ ಕಾಣಸಿಗುತ್ತಾರೆ. 2011ರ ಜನಗಣತಿಯ ಪ್ರಕಾರ, ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಇತರ ಕೆಲಸಗಳಿಗೆ ಹೋಗುವವರಲ್ಲಿ ದೇಶದಾದ್ಯಂತ ನೂರಕ್ಕೆ ಸುಮಾರು 13 ಮಂದಿ ಸೈಕಲನ್ನೇ ನಂಬಿದ್ದರು.

ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ವಾಚ್‌ಮನ್ ಒಬ್ಬರು ಸೈಕಲ್‌ನಿಂದ ಬಿದ್ದರು. ನೀರು ನಿಂತ ರಸ್ತೆ, ಅದರಡಿಯ ಚರಂಡಿಯ ಕಬ್ಬಿಣದ ಜಾಲರಿ ಕಾಣಿಸಲಿಲ್ಲ, ಮುಂದಿನ ಚಕ್ರ ಸಂದಿಗೆ ಸಿಕ್ಕಿಕೊಂಡಿತು. ಮಣಿಕಟ್ಟು ಮುರಿದು ಆರು ವಾರ ಕೆಲಸವಿಲ್ಲ, ಸಂಬಳವೂ ಇಲ್ಲ. ನೋಡಲು ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಸಾಹೇಬ್ರ, ಆ ಜಾಳಿ ಅಡ್ಡ ಕೂಡಿಸಿದ್ರ ನಾ ಬೀಳತಿದ್ದಿಲ್ರೀ." ಎಷ್ಟು ಸರಿಯಾದ ಮಾತು! ಸಲಾಕೆಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ಇಳಿಯುತ್ತದೆ, ಅಡ್ಡಕ್ಕೆ ಇದ್ದರೆ ಇಳಿಯುವುದಿಲ್ಲ. ಜಾಲರಿ ಕೂಡಿಸುವ ಮುನ್ನ ಒಬ್ಬ ಸವಾರನನ್ನು ಕೇಳಿದ್ದರೆ ಸಾಕಿತ್ತು.

ಯೋಜನೆಗಳಿಗೇನೂ ಕೊರತೆಯಿಲ್ಲ. ವಾಹನಗಳಿಗಿಂತ ಜನರ ಓಡಾಟ ಮುಖ್ಯವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಸಾರಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕಾತ್ರಜ್, ಸ್ವಾರಗೇಟ್, ಹಡಪ್ಸರ್ ಮಾರ್ಗದಲ್ಲಿ ಬಿ.ಆರ್.ಟಿ. ಬಸ್ಸು ಆರಂಭವಾಯಿತು, ಬದಿಯಲ್ಲಿ ಸೈಕಲ್ ಪಥವೂ ಬಂತು. 2017ರ ಡಿಸೆಂಬರ್‌ನಲ್ಲಿ ಪುಣೆ ಮಹಾನಗರ ಪಾಲಿಕೆ ಇಡೀ ನಗರಕ್ಕೆ ಸೈಕಲ್ ಯೋಜನೆಯೊಂದನ್ನು ಮಂಜೂರು ಮಾಡಿತು. ಆಗಲೇ ಬಾಡಿಗೆ ಸೈಕಲ್‌ಗಳೂ ಬಂದವು, ಒಂದೆರಡು ವರ್ಷದಲ್ಲಿ ಹೆಚ್ಚಿನವು ಹೇಳಹೆಸರಿಲ್ಲದಂತಾದವು. ಪಥಗಳ ಗತಿಯನ್ನು ಓದುಗರು ಬಲ್ಲರು. ಪ್ರತಿಯೊಂದು ಗೇಟಿನ ಎದುರು ಪಥ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಪೇವರ್ ಬ್ಲಾಕು ಕುಸಿದಿರುತ್ತದೆ. ನಡುವೆ ವಿದ್ಯುತ್ ಪೆಟ್ಟಿಗೆ, ಮರದ ಕಟ್ಟೆ, ವಡಾಪಾವ್ ಗಾಡಿ. ಅತ್ಯಂತ ಅಪಾಯದ ಜಾಗವಾದ ಚೌಕದ ಹತ್ತಿರ ಪಥವೇ ಮುಗಿದುಹೋಗಿ, ಎಡಕ್ಕೆ ತಿರುಗುವ ಬಸ್ಸು, ಲಾರಿಗಳ ನಡುವೆ ಸವಾರನನ್ನು ಬಿಟ್ಟುಬಿಡುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಮಂದಿಯಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರಕ್ಕೂ ಹೆಚ್ಚು.

ಸ್ಥಳೀಯರನ್ನು ಬಿಟ್ಟು ಕೈಗೊಂಡ ಕಾಮಗಾರಿಯ ಕಥೆ ಮುಂಬಯಿಯ ಓದುಗರಿಗೂ ಹೊಸದಲ್ಲ. ಪೊವಾಯಿ ಕೆರೆಯ ಸುತ್ತ ಹಾಕಲು ಹೊರಟಿದ್ದ ಸೈಕಲ್ ಪಥವನ್ನು 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಕಾನೂನುಬಾಹಿರವೆಂದು ತೀರ್ಪಿತ್ತು, ಕಟ್ಟಿದ್ದನ್ನು ತೆಗೆಯಲು ಹೇಳಿತು. ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಅಲ್ಲಿಯೇ ಓದುತ್ತಿದ್ದ ವಿದ್ಯಾರ್ಥಿಗಳೂ ಇದ್ದರು. ಬೆಂಗಳೂರಿನಲ್ಲಿ ಬಡಾವಣೆಯ ನಿವಾಸಿಗಳನ್ನೇ ಮುಂದೆ ಮಾಡಿಕೊಂಡು ನಡೆಸಿದ ಸೈಕಲ್ ದಿನಗಳಿಗೆ ಒಳ್ಳೆಯ ಸ್ಪಂದನೆ ದೊರೆಯಿತು. ಆದರೆ 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಪಥದೊಳಗೆ ವಾಹನಗಳು ನುಗ್ಗಿದವು, ಕಂಬಗಳು ಮುರಿದವು. ಸವಾರರು ಕೇಳಿದ್ದನ್ನು ಕೊಟ್ಟ ಮಾತ್ರಕ್ಕೆ ಎಲ್ಲ ಸುಗಮವಾಗದು ಎಂಬುದನ್ನೂ ಒಪ್ಪಬೇಕು. ಕಂಬಗಳನ್ನು ಹತ್ತಿರ ನೆಟ್ಟರೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ ತೂರದು, ದೂರ ನೆಟ್ಟರೆ ಮೋಟಾರ್ ಬೈಕು ಬಂದೇ ಬರುತ್ತದೆ. ಎಷ್ಟು ಅಂತರವೆಂಬುದನ್ನು ಆ ಜಾಗದಲ್ಲಿ ನಿಂತು, ಹಾಲಿನವರ ಸೈಕಲನ್ನೇ ನಡುವೆ ದಾಟಿಸಿ ನಿಶ್ಚಯಿಸಬೇಕಲ್ಲದೆ ನಕ್ಷೆಯ ಮೇಲಲ್ಲ.

ಕೇಳುವುದಾದರೂ ಯಾರನ್ನು? ಪಾಲಿಕೆಯ ಸಭೆಗೆ ಕರೆ ಬಂದರೆ ಹೋಗುವವರು ಹೆಚ್ಚಾಗಿ ಭಾನುವಾರ ಹೆಲ್ಮೆಟ್ ತೊಟ್ಟು ಸಿಂಹಗಡಕ್ಕೆ ಹೋಗಿಬರುವ ಕ್ಲಬ್ಬಿನವರು. ಅವರ ಉತ್ಸಾಹ ಅಭಿನಂದನೀಯ, ರಸ್ತೆಯ ಅನುಭವವೂ ಅವರಿಗಿದೆ. ಆದರೆ ದಿನಾ ಹೊಟ್ಟೆಪಾಡಿಗೆ ತುಳಿಯುವವರಿಗೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದರ ಸಭೆಗೆ ಬರಲು ಪುರುಸೊತ್ತೆಲ್ಲಿ? ಅರ್ಜಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬೇಕು, ಅದೂ ಕಷ್ಟ. ಇಂಜಿನಿಯರು ಒಂದು ದಿನ ಇವರ ಜೊತೆ ಸೈಕಲ್ ತುಳಿದು ಬಂದರೆ ಹತ್ತು ಸಭೆಗಳಲ್ಲಿ ತಿಳಿಯದ್ದು ತಿಳಿಯುತ್ತದೆ.

ನಮ್ಮ ಸಂಘಗಳಿಗೆ ಇಲ್ಲಿ ಕೆಲಸವಿದೆ. ಸಭಾಗೃಹವಿದೆ, ಭಾನುವಾರ ಸಂಜೆ ಬಿಡುವೂ ಇರುತ್ತದೆ. ಮರಾಠಿ ಬಲ್ಲ ಸದಸ್ಯರಿಗೇನೂ ಬರವಿಲ್ಲ. ವಾಚ್‌ಮನ್, ಹೋಟೆಲ್ ಕೆಲಸಗಾರರು, ಕಟ್ಟಡ ಕಾರ್ಮಿಕರಲ್ಲಿ ಸೈಕಲ್ ಇರುವವರನ್ನು ಒಂದು ಸಂಜೆ ಚಹಾಕ್ಕೆ ಕರೆಯೋಣ. ಶಾಲು, ಸ್ಮರಣಿಕೆ ಏನೂ ಬೇಡ. ಯಾವ ಚೌಕ, ಯಾವ ಜಾಲರಿ, ಎಲ್ಲಿ ದೀಪವಿಲ್ಲ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳೋಣ. ನಾಗರಿಕರು ತಮ್ಮ ಪ್ರಭಾಗದ ಕಾಮಗಾರಿಗಳನ್ನು ಸೂಚಿಸುವ ಸಹಭಾಗಿ ಬಜೆಟ್ ಪದ್ಧತಿಯನ್ನು ಪುಣೆ ಪಾಲಿಕೆ 2006ರ ಸುಮಾರಿಗೇ ತಂದಿದೆ. ಪಟ್ಟಿಯನ್ನು ಆ ಅರ್ಜಿಯ ಮೂಲಕ ವಾರ್ಡ್ ಕಚೇರಿಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆದು, ತಿಂಗಳಿಗೊಮ್ಮೆ ವಿಚಾರಿಸಬೇಕು. ಬ್ಯಾಂಕಿನ ಗುಮಾಸ್ತನಾಗಿ ಹೇಳುತ್ತೇನೆ, ಸಹಿ ಇಲ್ಲದ ಕಾಗದ ಯಾವ ಮೇಜಿನಲ್ಲೂ ಮುಂದೆ ಸರಿಯುವುದಿಲ್ಲ.

ಇನ್ನೊಂದು ಮಾತು ನಮಗೇ ಸೇರಿದ್ದು. ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಭಾಗೃಹದ ಹೊರಗೆ ಸೈಕಲ್ ಪಥದ ಮೇಲೆ ಸಾಲಾಗಿ ನಿಂತಿದ್ದ ಸ್ಕೂಟರ್‌ಗಳಲ್ಲಿ ನನ್ನದೂ ಒಂದು. ಒಳಗೆ ನಾಡಗೀತೆ ನಡೆಯುತ್ತಿದ್ದಾಗ ಹೊರಗೆ ಸೈಕಲ್‌ನವರು ಬಸ್ಸಿನ ದಾರಿಗೆ ಇಳಿದು ಹೋಗುತ್ತಿದ್ದರು. ಬರುವ ನವೆಂಬರ್ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ವಾಹನ ನಿಲ್ಲಿಸುವ ಜಾಗ ಯಾವುದೆಂದು ಒಂದು ಸಾಲು ಅಚ್ಚು ಹಾಕಿಸುವಂತೆ ಪದಾಧಿಕಾರಿಗಳಲ್ಲಿ ವಿನಂತಿ.